ಸಲಹೆ: ಸ್ಕ್ರಿಪ್ಟ್ ಕೆಟ್ಟರೆ ಕ್ಲೈಂಟ್ ಎದುರಿಗೇ ಹೇಳಲಿ, ಮೂಲೆಯಲ್ಲಿ ಬರೆದಿಡೋದು ಬೇಡ

ಮಂಡಕ್ಕಿ_ಮಿರ್ಚಿ · ದಾವಣಗೆರೆ

ನಮ್ಮ ಪಠ್ಯದ ಆಟಕ್ಕೆ (ಮಡ್) ಸರ್ವರ್ ಜೊತೆ ಮಾತಾಡೋ ಪ್ರೋಗ್ರಾಂ, ಅಂದ್ರೆ ಕ್ಲೈಂಟ್, ಅದನ್ನ ಬರೆಯೋರಿಗೂ, ದಿನಾ ಅದರಲ್ಲಿ ಆಡೋರಿಗೂ ಸೇರಿಸಿ ಕೇಳ್ತಿದೀನಿ. ಟ್ರಿಗರ್ (ಸರ್ವರ್‌ನಿಂದ ಒಂದು ಸಾಲು ಬಂದಾಗ ತಾನೇ ಓಡೋದು) ಆಗಲಿ, ಅಲಿಯಾಸ್ (ನಾವು ಟೈಪ್ ಮಾಡೋ ಗಿಡ್ಡ ಪದಕ್ಕೆ ಓಡೋದು) ಆಗಲಿ, ಟೈಮರ್ ಆಗಲಿ, ಲುವಾ ಭಾಷೆಯಲ್ಲಿ ಬರೆದ ಅದರ ಸ್ಕ್ರಿಪ್ಟ್ ಓಡುವಾಗ ಮುಗ್ಗರಿಸಿದರೆ ಈಗ ಆಗೋದು ಒಂದೇ: ಎಡಿಟರ್ ಒಳಗಿರೋ ಎರರ್ ಪಟ್ಟಿಗೆ ಒಂದು ಕೆಂಪು ಸಾಲು ಹೋಗಿ ಬೀಳತ್ತೆ. ಆಟದ ನಡುವೆ ಎಡಿಟರ್ ತೆರೆದಿಟ್ಟುಕೊಂಡು ಕೂರೋರು ಯಾರಿದಾರೆ ಹೇಳ್ರಿ. ಮುಖ್ಯ ಪರದೆಯಲ್ಲಿ ಸುಳಿವೇ ಇರಲ್ಲ. ಟ್ರಿಗರ್ ಕೆಲಸ ಮಾಡ್ತಿಲ್ಲ ಅಂತ ತಿಳಿಯೋದು ಪಾತ್ರ ಸತ್ತಮೇಲೆ.

ಹುಡುಕಿಕೊಂಡು ಹೋಗಿ ಆ ಸಾಲು ಓದಿದರೂ ಉಪಯೋಗ ಅಷ್ಟಕ್ಕಷ್ಟೇ. ಹೆಚ್ಚುಕಮ್ಮಿ ಯಾವಾಗಲೂ ಹೀಗಿರತ್ತೆ:

[ಸ್ಟ್ರಿಂಗ್ "ಸ್ಕ್ರಿಪ್ಟ್"]:3: ಅಟೆಂಪ್ಟ್ ಟು ಇಂಡೆಕ್ಸ್ ಫೀಲ್ಡ್ 'ಚಾರ್' (ಎ ನಿಲ್ ವ್ಯಾಲ್ಯೂ)

ಮೂರನೇ ಸಾಲು, ಸರಿ. ಯಾವುದರ ಮೂರನೇ ಸಾಲು? ಎಲ್ಲಾ ಟ್ರಿಗರ್‌ಗಳಿಗೂ ಒಳಗೆ ಒಂದೇ ಹೆಸರು ಕೊಟ್ಟಿದಾರೆ ಅಂತ ಕಾಣತ್ತೆ. ಮೂರು ಸಾಲು ಇಲ್ಲಾ ಅದಕ್ಕಿಂತ ಉದ್ದ ಇರೋ ಸ್ಕ್ರಿಪ್ಟ್ ಎಲ್ಲಾ ಒಂದೊಂದಾಗಿ ತೆಗೆದು ನೋಡಬೇಕು.

ನಾನು ಕೇಳೋದು ದೊಡ್ಡದೇನಲ್ಲ. ಯಾವ ಟ್ರಿಗರ್ ಅಂತ ಹೆಸರು ಹಿಡಿದು ಹೇಳಲಿ. ಸರ್ವರ್‌ನಿಂದ ಬಂದ ಯಾವ ಸಾಲಿಗೆ ಅದು ಎದ್ದಿತ್ತು ಅನ್ನೋದನ್ನೂ ಜೊತೆಗೆ ಕೊಡಲಿ, ಯಾಕಂದ್ರೆ ಅರ್ಧ ತೊಂದರೆ ಇರೋದು ಆ ಸಾಲಿನಲ್ಲೇ. ಒಂದು ಫಂಕ್ಷನ್ ಇನ್ನೊಂದನ್ನ ಕರೆದು, ಅದು ಮತ್ತೊಂದನ್ನ ಕರೆದು ಬಿದ್ದಿದ್ದರೆ ಆ ದಾರಿಯೂ ಕಾಣಲಿ. ಇದೆಲ್ಲಾ ಆಡೋ ಪರದೆಯಲ್ಲೇ ಬರಲಿ. ಮಡ್‌ಲೆಟ್ ಅನ್ನೋ ಇನ್ನೊಂದು ಕ್ಲೈಂಟ್‌ನಲ್ಲಿ ಲುವಾ ಎರರ್‌ಗಳನ್ನ ಮುಖ್ಯ ಪರದೆಗೂ ಕಳಿಸೋ ಆಯ್ಕೆ ಐತಿ. ಮಷ್‌ಕ್ಲೈಂಟ್‌ನಲ್ಲೂ ಡೈಲಾಗ್ ಬದಲು ಔಟ್‌ಪುಟ್ ಕಿಟಕಿಗೇ ಬರೋ ಹಂಗೆ ಮಾಡಿಕೊಳ್ಳಬಹುದು. ನಮ್ಮದಕ್ಕೆ ಯಾಕೆ ಈ ಸಂಕೋಚ?

ಕಲ್ಲಿನಕೋಟೆ · ಚಿತ್ರದುರ್ಗ

ಪೂರ್ತಿ ಬೆಂಬಲ. ಒಂದು ಸೇರಿಸ್ತೀನಿ. ಒಂದೇ ಸ್ಕ್ರಿಪ್ಟ್ ಐದು ಸಲ ಸಾಲಾಗಿ ಬಿದ್ದರೆ ಕ್ಲೈಂಟೇ ಅದನ್ನ ಆಫ್ ಮಾಡಿಬಿಡಬೇಕು. ಪ್ರಾಂಪ್ಟ್ ಮೇಲೆ, ಅಂದ್ರೆ ಮುಂದಿನ ಆಜ್ಞೆ ಕೊಡಿ ಅಂತ ಸರ್ವರ್ ಮತ್ತೆ ಮತ್ತೆ ಕಳಿಸೋ ಸಾಲಿನ ಮೇಲೆ, ಟ್ರಿಗರ್ ಇಟ್ಟೋರಿಗೆ ಗೊತ್ತು, ಪ್ರತಿ ಪ್ರಾಂಪ್ಟಿಗೂ ಎರರ್ ಬಂದರೆ ಪರದೆ ಪೂರ್ತಿ ಕೆಂಪು. ಮುಖ್ಯ ಪರದೆಗೆ ತಂದು ಹಾಕಿದರೆ ಇನ್ನೂ ಕಷ್ಟ, ಶತ್ರು ಹೊಡೆದಿದ್ದೇ ಕಾಣಲ್ಲ.

ಹಾಸ್ಟೆಲ್_ಹೊಸಬ · ದಾವಣಗೆರೆ

ಅಣ್ಣಾ, ಮಧ್ಯೆ ಬಾಯಿ ಹಾಕ್ತೀನಿ. ಮೇಲೆ ಮಂಡಕ್ಕಿ ಅಣ್ಣ ತೋರಿಸಿದ ಎರರ್ರೇ ನನಗೂ ಬರ್ತಿದೆ, ಆದರೆ ಲಾಗಿನ್ ಆಗುವಾಗ ಮಾತ್ರ. ಆಮೇಲೆ ತಾನೇ ಸರಿಹೋಗತ್ತೆ. ಸ್ಕ್ರಿಪ್ಟ್ ತಪ್ಪಿದ್ದರೆ ಯಾವಾಗಲೂ ತಪ್ಪಿರಬೇಕಲ್ವಾ?

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಹೊಸಬರಿಗೆ ಮೊದಲು ಉತ್ತರ. ನಿಮ್ಮ ಸ್ಕ್ರಿಪ್ಟ್ ಪಾತ್ರದ ಬಲವನ್ನು ಜಿಎಂಸಿಪಿ ಟೇಬಲ್‌ನಿಂದ ಓದುತ್ತಿದೆ. ಜಿಎಂಸಿಪಿ ಅಂದರೆ ಟೆಲ್ನೆಟ್‌ನ (ಕ್ಲೈಂಟ್, ಸರ್ವರ್ ಮಾತಾಡುವ ನಿಯಮ) 201ನೇ ಆಯ್ಕೆಯ ಮೇಲೆ ಸರ್ವರ್ ಕಳಿಸುವ ಮಾಹಿತಿ. ಪರದೆಯ ಮೇಲೆ ಬರುವ ಬರಹದಲ್ಲಿ ಕಾಣದಂತೆ, ಅದೇ ಸಂಪರ್ಕದಲ್ಲಿ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವವರೆಗೆ ಪಾತ್ರದ ವಿವರ ಬಂದಿರುವುದಿಲ್ಲ. ಅಲ್ಲಿಯವರೆಗೆ ಆ ಜಾಗ ನಿಲ್, ಅಂದರೆ ಖಾಲಿ. ನಿಲ್ ಒಳಗೆ ಕೈ ಹಾಕಿದರೆ ಲುವಾ ಒಪ್ಪುವುದಿಲ್ಲ. ಓದುವ ಮೊದಲು ಟೇಬಲ್ ಇದೆಯೇ ಎಂದು ಒಂದು 'ಇಫ್' ಹಾಕಿ, ಸಾಕು.

ಈಗ ಮೂಲ ಸಲಹೆಗೆ ಬರುತ್ತೇನೆ. ಎರಡು ಸಂಗತಿ ಸುಲಭ, ಒಂದರಲ್ಲಿ ಕೊಕ್ಕೆ ಇದೆ.

ಕರೆಗಳ ದಾರಿ ಸಿಗದಿರುವುದಕ್ಕೆ ಕಾರಣ ಸರಳ. ನಾವು ಸಿ++ ಕಡೆಯಿಂದ ಲುವಾ 5.1 ಅನ್ನು 'ಲುವಾ_ಪಿಕಾಲ್' ಮೂಲಕ ಕರೆಯುತ್ತೇವೆ. ಅದರ ನಾಲ್ಕನೇ ಆರ್ಗ್ಯುಮೆಂಟ್ ಎರರ್ ಫಂಕ್ಷನ್‌ನ ಜಾಗ. ಅಲ್ಲಿ ಈಗ 0 ಇದೆ, ಅಂದರೆ ಯಾರೂ ಇಲ್ಲ. ತಪ್ಪು ನಮ್ಮ ಕೈಗೆ ಬರುವಷ್ಟರಲ್ಲಿ ಸ್ಟ್ಯಾಕ್, ಅಂದರೆ ಯಾವುದು ಯಾವುದನ್ನು ಕರೆಯಿತು ಎಂಬ ದಾಖಲೆ, ಬಿಚ್ಚಿ ಹೋಗಿರುತ್ತದೆ. ಆಮೇಲೆ ಟ್ರೇಸ್‌ಬ್ಯಾಕ್ (ಆ ಕರೆಗಳ ದಾರಿಯ ಪಟ್ಟಿ) ಕೇಳಿದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಆ ಜಾಗದಲ್ಲಿ ಒಂದು ಫಂಕ್ಷನ್ ಇಟ್ಟರೆ, ತಪ್ಪು ನಡೆದ ಸ್ಥಳದಲ್ಲೇ, ಸ್ಟ್ಯಾಕ್ ಇನ್ನೂ ಇರುವಾಗಲೇ, ಲುವಾ ಅದನ್ನು ಕರೆಯುತ್ತದೆ. ಅದರೊಳಗೆ 'ಡೀಬಗ್.ಟ್ರೇಸ್‌ಬ್ಯಾಕ್' ಕರೆದರೆ ಪೂರ್ತಿ ಸಿಗುತ್ತದೆ. ಸ್ಕ್ರಿಪ್ಟ್ ಬರೆಯುವವರು 'ಪಿಕಾಲ್' (ಒಳಗಿನ ತಪ್ಪನ್ನು ಹಿಡಿದುಕೊಳ್ಳುವ ಕರೆ) ಬದಲು, ಎರರ್ ಫಂಕ್ಷನ್ ಕೊಡಬಹುದಾದ 'ಎಕ್ಸ್‌ಪಿಕಾಲ್' ಬಳಸಬೇಕು ಎಂದು ನಾನು ಆಗಾಗ ಹೇಳುವುದೂ ಇದಕ್ಕೇ. ಆದರೆ 5.1ರ 'ಎಕ್ಸ್‌ಪಿಕಾಲ್' ನೀವು ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ಫಂಕ್ಷನ್‌ಗೆ ದಾಟಿಸುವುದಿಲ್ಲ. ಇನ್ನೊಂದು ಸಣ್ಣ ಫಂಕ್ಷನ್‌ನಲ್ಲಿ ಸುತ್ತಿ ಕೊಡಬೇಕು. 5.2ರಿಂದ ಆ ರಗಳೆ ಇಲ್ಲ.

ಕೊಕ್ಕೆ ಇರುವುದು ಹೆಸರಿನಲ್ಲಿ. ಸ್ಕ್ರಿಪ್ಟ್ ಅನ್ನು ಕಂಪೈಲ್ ಮಾಡುವಾಗ ಅದಕ್ಕೊಂದು ಚಂಕ್ ಹೆಸರು, ಅಂದರೆ ಆ ಕೋಡ್ ತುಣುಕಿಗೆ ಒಂದು ಹೆಸರು, ಕೊಡಬಹುದು. ಮುಂದೆ '=' ಚಿಹ್ನೆ ಇದ್ದರೆ ಲುವಾ ಆ ಹೆಸರನ್ನು ಇದ್ದಂತೆಯೇ ಎರರ್‌ನಲ್ಲಿ ತೋರಿಸುತ್ತದೆ. ಟ್ರಿಗರ್ ಹೆಸರನ್ನೇ ಕೊಟ್ಟರಾಯಿತಲ್ಲ ಅನಿಸುತ್ತದೆ. ಆದರೆ ಲುವಾ ಈ ಹೆಸರಿಗೆ ಇಟ್ಟಿರುವ ಜಾಗ 60 ಬೈಟ್, ಅದರಲ್ಲಿ ಕೊನೆಯದು ಸೊನ್ನೆ ಬೈಟ್‌ಗೆ. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಕ್ಷರಕ್ಕಲ್ಲ, ಸಂಕೇತಕ್ಕೆ: ಕಾಗುಣಿತದ ಗುರುತು ಬೇರೆ, ಒತ್ತಕ್ಷರದ ಅರ್ಧಾಕ್ಷರ ಚಿಹ್ನೆ ಬೇರೆ. ಉಳಿದ 59 ಬೈಟ್‌ನಲ್ಲಿ ಇಡಿಯಾಗಿ ಹಿಡಿಸುವುದು 19 ಸಂಕೇತ, ಮೇಲೆ 2 ಬೈಟ್ ಚೂರು. 'ಗೋಪಾಲಸ್ವಾಮಿ ಹೊಂಡದ ಕಾವಲುಗಾರ' ಎಂದು ಯಾರಾದರೂ ಟ್ರಿಗರ್‌ಗೆ ಹೆಸರಿಟ್ಟರೆ ಎರರ್ ಸಾಲಿನಲ್ಲಿ ಹೆಸರು 'ಕಾವ' ಎಂಬಲ್ಲಿಗೇ ತುಂಡಾಗುತ್ತದೆ. ಬೇರೆ ಹೆಸರಾದರೆ ಸಂಕೇತದ ನಡುವೆಯೇ ಕತ್ತರಿಸಿ, ತುದಿಯಲ್ಲಿ ಡಬ್ಬಿ ಗುರುತೂ ಬರಬಹುದು.

ಹಾಗಾಗಿ ಚಂಕ್ ಹೆಸರಿಗೆ ಟ್ರಿಗರ್‌ನ ಒಳಗಿನ ನಂಬರ್ ಮಾತ್ರ ಕೊಟ್ಟು, ಪರದೆಗೆ ಬರೆಯುವಾಗ ನಂಬರ್ ನೋಡಿ ಪೂರ್ತಿ ಹೆಸರನ್ನು ಕ್ಲೈಂಟ್ ತುಂಬುವುದು ಸರಿ ಎನಿಸುತ್ತದೆ. ಒಂದೇ ಹೆಸರಿನ ಎರಡು ಟ್ರಿಗರ್ ಇದ್ದರೂ ಗೊಂದಲ ಇಲ್ಲ.

ಜೋಗಿಮಟ್ಟಿ_ಗಾಳಿ · ಚಿತ್ರದುರ್ಗ

ಕಲ್ಲಿನಕೋಟೆಯವರೇ, ತಾನಾಗಿ ಆಫ್ ಮಾಡೋ ಮಾತಿಗೆ ನನ್ನ ವಿರೋಧ ಐತೆ. ಸ್ವಲ್ಪ ವಿರೋಧ ಅಲ್ಲ, ಪೂರ್ತಿ.

ಎರರ್ ಬಂದರೆ ಸ್ಕ್ರಿಪ್ಟೇ ಕೆಟ್ಟಿದೆ ಅಂತ ಯಾಕೆ ತೀರ್ಮಾನ? ಕೋಟೆ ಆಟದಲ್ಲಿ ನನ್ನ ಔಷಧಿ ಟ್ರಿಗರ್ ಶತ್ರುವಿನ ಹೆಸರು ಓದಿ, ಯಾವ ಗುಳಿಗೆ ನುಂಗಬೇಕು ಅಂತ ನಿರ್ಧಾರ ಮಾಡತ್ತೆ. ಹೆಸರಿಲ್ಲದ ಒಂದು ಜಾತಿ ನೆರಳು ಐತೆ, ಅದು ಎದುರಾದಾಗ ಮಾತ್ರ ಬೀಳತ್ತೆ. ಬೇರೆ ಎಲ್ಲರ ಮೇಲೂ ಸರಿಯಾಗೇ ಓಡತ್ತೆ. ನಿಮ್ಮ ಲೆಕ್ಕದಲ್ಲಿ ಆ ನೆರಳಿನ ಜೊತೆ ಒಂದು ಜಗಳ ಮುಗಿಯೋದರೊಳಗೆ ಐದು ಎರರ್ ಆಗಿ ಟ್ರಿಗರ್ ಸತ್ತಿರತ್ತೆ. ಮುಂದಿನ ಬಾಗಿಲಿಗೆ ಹೋದಾಗ ಔಷಧಿ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಕಾಪಾಡೋದನ್ನ, ಒಂದು ಸಲ ಎಡವಿತು ಅಂತ ಕಿತ್ತೆಸೆದಂಗೆ ಆಯ್ತು.

ಇನ್ನೊಂದು, ಆಫ್ ಆದ ವಿಷಯ ಆಡೋರಿಗೆ ಗೊತ್ತಾಗೋದು ಯಾವಾಗ? ಮಂಡಕ್ಕಿಯವರು ದೂರಿದ್ದೇ ಗೊತ್ತಾಗಲ್ಲ ಅನ್ನೋದನ್ನ. ನಾವು ಕೊಡೋ ಪರಿಹಾರದಲ್ಲಿ ಗೊತ್ತಾಗದೇ ಇರೋದು ಇನ್ನೊಂದು ಹುಟ್ಟಿಕೊಳ್ತು.

ಕಲ್ಲಿನಕೋಟೆ · ಚಿತ್ರದುರ್ಗ

ಸರಿ ಸರ್, ಔಷಧಿ ಟ್ರಿಗರ್‌ಗೆ ಒಪ್ಪಿದೆ. ಟೈಮರ್‌ಗೆ ಏನಂತೀರಿ? ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಓಡೋ ಟೈಮರ್ ಕೆಟ್ಟರೆ ನಿಮಿಷಕ್ಕೆ 600 ಕೆಂಪು ಸಾಲು. ಅದು ಯಾವ ಶತ್ರುವಿನ ಹೆಸರಿನಿಂದಲೂ ಬಂದಿದ್ದಲ್ಲ. ಈಗ ಕೆಟ್ಟಿದ್ದರೆ ಮುಂದಿನ ಕ್ಷಣಾನೂ ಕೆಟ್ಟಿರತ್ತೆ.

ಮಂಡಕ್ಕಿ_ಮಿರ್ಚಿ · ದಾವಣಗೆರೆ

600 ಸಾಲು ಬರೋದು ಬೇರೆ ರೋಗ, ಅದಕ್ಕೆ ಬೇರೆ ಮದ್ದು. ಒಂದೇ ಎರರ್ ಮತ್ತೆ ಮತ್ತೆ ಬಂದರೆ ಮೊದಲನೇ ಸಲ ಪೂರ್ತಿ ತೋರಿಸಿ, ಆಮೇಲೆ ಎಣಿಸ್ತಾ ಹೋದರಾಯ್ತು. 10ನೇ ಸಲ ಒಂದು ಸಾಲು, 100ನೇ ಸಲ ಒಂದು ಸಾಲು. ಪರದೆ ತುಂಬಲ್ಲ, ಟ್ರಿಗರ್ ಸಾಯಲ್ಲ.

ಒಂದೇ ಎರರ್ ಅಂತ ಗುರುತು ಹಿಡಿಯೋಕೆ ಸಂದೇಶದ ಪಠ್ಯ ಹೋಲಿಸಬೇಡ್ರಿ ಮತ್ತೆ. 'ಎರರ್' ಫಂಕ್ಷನ್ ಕರೆದು ಒಳಗೆ ಶತ್ರುವಿನ ಹೆಸರು ಸೇರಿಸೋರು ಅದಾರೆ, ಪ್ರತಿ ಸಲ ಪಠ್ಯ ಬೇರೆ ಆಗತ್ತೆ. ಕೆಲವರು ಪಠ್ಯದ ಬದಲು ಟೇಬಲ್ಲನ್ನೇ ಎಸೀತಾರೆ, ಲುವಾ ಬೇಡ ಅನ್ನಲ್ಲ. ಟ್ರಿಗರ್ ನಂಬರ್ ಮತ್ತು ಸಾಲಿನ ನಂಬರ್, ಇವೆರಡು ಒಂದೇ ಆದರೆ ಎರರ್ ಒಂದೇ.

ಕಿವಿಯಲ್ಲೇ_ಆಟ · ಹಿರಿಯೂರು

ಎಲ್ಲರೂ ಕೆಂಪು ಸಾಲು, ಕೆಂಪು ಸಾಲು ಅಂತಿದ್ದೀರಿ. ನನಗೆ ಕೆಂಪು ಕಾಣಲ್ಲ, ಹಸಿರೂ ಕಾಣಲ್ಲ. ಪರದೆ ಓದಿ ಹೇಳೋ ಎನ್‌ವಿಡಿಎ ರೀಡರ್ ಹಾಕಿಕೊಂಡು, ಇಸ್ಪೀಕ್ ಎನ್‌ಜಿಯ ಕನ್ನಡ ದನಿಯಲ್ಲಿ ಆಡ್ತೀನಿ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಕೂಡಿ ಶುರು ಮಾಡಿದ ಈ ಜಾತಿಯ ಆಟಗಳಲ್ಲಿ ಚಿತ್ರವೇ ಇಲ್ಲ. ಅದಕ್ಕೇ ಇಲ್ಲಿ ನಾನು ನಿಮ್ಮೆಲ್ಲರ ಸಮಕ್ಕೆ ಆಡ್ತೀನಿ, ಕೆಲವರನ್ನ ಸೋಲಿಸ್ತೀನಿ ಕೂಡ. ಯಾರು ಅಂತ ಹೆಸರು ಹೇಳಲ್ಲ, ಚಿತ್ರದುರ್ಗದೋರು.

ನನ್ನ ಕಡೆಯ ಕಷ್ಟ ಕೇಳಿ. ಬೇರೆ ಕಿಟಕಿಯಲ್ಲಿ ಬಂದ ಎರರ್ ನನಗೆ ಇಲ್ಲವೇ ಇಲ್ಲ. ಡೈಲಾಗ್ ಬಂದರೆ ಅದಕ್ಕಿಂತ ಕೆಟ್ಟದ್ದು: ಫೋಕಸ್ ಅಲ್ಲಿಗೆ ಹಾರತ್ತೆ, ನಾನು ಟೈಪ್ ಮಾಡ್ತಿದ್ದ ಹೊಡೆತ ಎಲ್ಲೋ ಹೋಗತ್ತೆ, ಅದನ್ನ ಮುಚ್ಚಿ ವಾಪಸ್ ಬರೋದರಲ್ಲಿ ಕಥೆ ಮುಗಿದಿರತ್ತೆ. ಮುಖ್ಯ ಪರದೆಗೆ ಬರೋದು ಒಳ್ಳೇದೇ. ಆದರೆ ಟ್ರೇಸ್‌ಬ್ಯಾಕ್ ಪೂರ್ತಿ ಅಲ್ಲೇ ಸುರಿದರೆ ರೀಡರ್ ಎಲ್ಲಾ ಓದತ್ತೆ. ಚೌಕ ಬ್ರಾಕೆಟ್, ಕೋಲನ್, ಕೊಟೇಶನ್, ಒಂದೂ ಬಿಡಲ್ಲ.

ಒಂದೇ ಗಿಡ್ಡ ಸಾಲು ಸಾಕು. ಮೊದಲ ಪದ 'ತಪ್ಪು' ಅಂತಿರಲಿ, ಆಮೇಲೆ ಟ್ರಿಗರ್ ಹೆಸರು, ಆಮೇಲೆ ಸಾಲು. ಮೊದಲ ಪದ ಕೇಳಿದ ಕೂಡಲೇ ಬೇಕಾದರೆ ಮುಂದಿನದನ್ನ ಕಂಟ್ರೋಲ್ ಒತ್ತಿ ನಿಲ್ಲಿಸ್ತೀನಿ. ವಿವರ ಬೇಕಾದಾಗ ನಾನೇ ಒಂದು ಕೀ ಒತ್ತಿ ಕೇಳ್ತೀನಿ. ಒಂದು ಸಣ್ಣ ಸದ್ದು ಕೊಟ್ಟರೂ ಆಯ್ತು, ಆಟದ ಬೆಲ್ ಸದ್ದಿಗಿಂತ ಬೇರೆ ಇರಬೇಕು.

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಅಕ್ಕ ಹೇಳಿದ ರೂಪವೇ ಎಲ್ಲರಿಗೂ ಇರಲಿ. ಕಣ್ಣಿರುವವರಿಗೂ ಜಗಳದ ನಡುವೆ ಹದಿನೈದು ಸಾಲು ಟ್ರೇಸ್‌ಬ್ಯಾಕ್ ಬೇಡ. ಒಂದು ಸಾಲು, ಅದರ ಮೇಲೆ ಕ್ಲಿಕ್ ಮಾಡಿದರೆ ಅಥವಾ ಕೀ ಒತ್ತಿದರೆ ವಿವರ.

ಟೈಮರ್ ಬಗ್ಗೆ ಕಲ್ಲಿನಕೋಟೆಯವರ ಮಾತಿನಲ್ಲಿ ಹುರುಳಿದೆ. ಆದರೆ ಟೈಮರ್ ಕೂಡ ಜಿಎಂಸಿಪಿ ಓದುತ್ತಿದ್ದರೆ ಹೊಸಬರ ಸ್ಕ್ರಿಪ್ಟ್‌ನ ಹಾಗೆ ಲಾಗಿನ್ ಹೊತ್ತಿನಲ್ಲಿ ಮಾತ್ರ ಬೀಳಬಹುದು. ನಿಲ್ಲಿಸಿಬಿಟ್ಟರೆ ಒಳಗೆ ಹೋದ ಮೇಲೂ ಓಡುವುದಿಲ್ಲ. ಹಾಗಾಗಿ ಟ್ರಿಗರ್, ಟೈಮರ್ ಎರಡಕ್ಕೂ ಮೊದಲಿಗೆ ಆಫ್ ಮಾಡುವುದಿಲ್ಲ. 'ಇಷ್ಟು ಸಲ ಸಾಲಾಗಿ ಬಿದ್ದರೆ ನಿಲ್ಲಿಸು' ಎಂಬ ಅಂಕಣ ಪ್ರತಿಯೊಂದಕ್ಕೂ ಇರುತ್ತದೆ, ಖಾಲಿ. ಬೇಕಾದವರು ತುಂಬಿಕೊಳ್ಳಿ. ನಿಲ್ಲಿಸಿದಾಗ ಮುಖ್ಯ ಪರದೆಯಲ್ಲಿ ಹೇಳಿಯೇ ನಿಲ್ಲಿಸುತ್ತದೆ.

ಜೋಗಿಮಟ್ಟಿ_ಗಾಳಿ · ಚಿತ್ರದುರ್ಗ

ಖಾಲಿ ಅಂಕಣ ಒಪ್ಪಿಗೆ. ಇನ್ನೊಂದು ಕೇಳ್ತೀನಿ. ಸ್ಕ್ರಿಪ್ಟ್ ಅರ್ಧಕ್ಕೆ ಬಿದ್ದರೆ ಅಷ್ಟರಲ್ಲೇ ಕಳಿಸಿಬಿಟ್ಟ ಆಜ್ಞೆಗಳ ಗತಿ? ಮೊದಲ ಸಾಲಿನಲ್ಲಿ 'ಗುರಾಣಿ ಇಳಿಸು', ಮೂರನೇ ಸಾಲಿನಲ್ಲಿ 'ಎರಡು ಕೈಯಲ್ಲಿ ಕತ್ತಿ ಹಿಡಿ'. ಎರಡನೇ ಸಾಲಿನಲ್ಲಿ ಬಿದ್ದರೆ ಗುರಾಣಿಯೂ ಇಲ್ಲ, ಕತ್ತಿಯೂ ಇಲ್ಲ. ಸ್ಕ್ರಿಪ್ಟ್ ಪೂರ್ತಿ ಮುಗಿಯೋವರೆಗೂ ಆಜ್ಞೆಗಳನ್ನ ಹಿಡಿದಿಟ್ಟುಕೊಂಡು, ಸರಿಯಾಗಿ ಮುಗಿದರೆ ಮಾತ್ರ ಕಳಿಸಿದರೆ ಹೆಂಗೆ?

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಅದು ಮಾತ್ರ ಆಗುವುದಿಲ್ಲ ಸರ್. ಬಿದ್ದರೆ ಲುವಾ ಏನನ್ನೂ ಹಿಂದಕ್ಕೆ ತಿರುಗಿಸುವುದಿಲ್ಲ. ಆಜ್ಞೆಯನ್ನು ತಡೆದರೂ ಅಷ್ಟರಲ್ಲಿ ಬದಲಾಯಿಸಿದ ವೇರಿಯಬಲ್‌ಗಳು ಬದಲಾದಂತೆಯೇ ಇರುತ್ತವೆ. 'ಗುರಾಣಿ ಇಳಿಸಿದ್ದೇನೆ' ಎಂದು ಸ್ಕ್ರಿಪ್ಟ್ ನೆನಪಿಟ್ಟುಕೊಂಡಿರುತ್ತದೆ, ಸರ್ವರ್‌ಗೆ ಸುದ್ದಿಯೇ ಹೋಗಿರುವುದಿಲ್ಲ. ಈಗಿರುವ ಗೊಂದಲಕ್ಕಿಂತ ಅದು ಹಾಳು. ಬೇಕಾದರೆ ವಿವರದಲ್ಲಿ 'ಬೀಳುವ ಮೊದಲು ಕಳಿಸಿದ ಆಜ್ಞೆಗಳು' ಎಂದು ಪಟ್ಟಿ ತೋರಿಸಬಹುದು. ಆಡುವವರು ನೋಡಿ ಸರಿಪಡಿಸಿಕೊಳ್ಳುತ್ತಾರೆ.

ಹಾಸ್ಟೆಲ್_ಹೊಸಬ · ದಾವಣಗೆರೆ

ಅಣ್ಣಾ, ಎರರ್ರೇ ಬರದೆ ಕ್ಲೈಂಟ್ ಹ್ಯಾಂಗ್ ಆಗತ್ತಲ್ಲ, ಅದಕ್ಕೆ? ರೂಮ್‌ಮೇಟ್ ಮುಗಿಯದೇ ಸುತ್ತೋ ಒಂದು ವೈಲ್ ಲೂಪ್ ಬರೆದ, ಟಾಸ್ಕ್ ಮ್ಯಾನೇಜರ್‌ನಿಂದ ಸಾಯಿಸಬೇಕಾಯ್ತು.

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಅದಕ್ಕೆ ಲುವಾದಲ್ಲೇ ಹುಕ್ ಇದೆ. ಇಷ್ಟು ಸೂಚನೆ ಓಡಿದ ಮೇಲೆ ನನ್ನನ್ನು ಕರೆ ಎಂದು ಹೇಳಿಟ್ಟರೆ, ಆಗ ಗಡಿಯಾರ ನೋಡಿ, ಮಿತಿ ಮೀರಿದ್ದರೆ ನಾವೇ ಎರರ್ ಎಸೆದು ಸ್ಕ್ರಿಪ್ಟ್ ಬೀಳಿಸಬಹುದು. ಎರಡು ತೂತು ಇವೆ. ಲೂಪ್ ಒಳಗೆ 'ಪಿಕಾಲ್' ಇದ್ದರೆ ನಾವು ಎಸೆದ ಎರರ್ ಅನ್ನು ಅದೇ ನುಂಗಿಕೊಂಡು ಲೂಪ್ ಮುಂದುವರಿಯುತ್ತದೆ. ಹಾಗಾಗಿ ಹುಕ್ ಒಂದು ಸಲ ಎಸೆದು ಸುಮ್ಮನಾಗದೆ ಮತ್ತೆ ಮತ್ತೆ ಎಸೆಯಬೇಕು. ಎರಡನೆಯದು, ಹುಕ್ ಎಣಿಸುವುದು ಲುವಾ ಸೂಚನೆಗಳನ್ನು ಮಾತ್ರ. ಉದ್ದನೆಯ ಸಾಲಿನ ಮೇಲೆ ಕೆಟ್ಟದಾಗಿ ಬರೆದ ಪ್ಯಾಟರ್ನ್ ಕೊಟ್ಟು 'ಸ್ಟ್ರಿಂಗ್.ಫೈಂಡ್' ಕರೆದರೆ ಆ ಕೆಲಸ ನಡೆಯುವುದು ಸಿ ಒಳಗೆ, ಅಲ್ಲಿಗೆ ಹುಕ್ ತಲುಪುವುದಿಲ್ಲ. ಲುವಾವನ್ನು ಇನ್ನೂ ವೇಗವಾಗಿ ಓಡಿಸುವ ಲುವಾಜಿಟ್‌ಗೆ ಹೋಗೋಣ ಎಂದು ಹಿಂದೆ ಕೇಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಜಿಟ್ ಕಂಪೈಲ್ ಆದ ಕೋಡ್‌ನಲ್ಲಿ ಈ ಹುಕ್ ಏಳುವುದೇ ಇಲ್ಲ. ವೇಗ ಬೇಕೋ, ಹ್ಯಾಂಗ್ ಆದಾಗ ಬಿಡಿಸಿಕೊಳ್ಳುವ ದಾರಿ ಬೇಕೋ? ಪಠ್ಯದ ಆಟಕ್ಕೆ ನನ್ನ ಮತ ಎರಡನೆಯದಕ್ಕೆ.

ಚಂದ್ರವಳ್ಳಿ_ಗುಹೆ · ಚಿತ್ರದುರ್ಗ

ತಡವಾಗಿ ಬಂದೆ. ಎರರ್ ಆಗದೇ ಇರೋ ಎರರ್ ಬಗ್ಗೆ ಯಾರೂ ಮಾತಾಡಿಲ್ಲ.

ಕನ್ನಡದ ಟ್ರಿಗರ್ ಎಷ್ಟೋ ಸಲ ಏಳೋದೇ ಇಲ್ಲ. ಲುವಾ ತನಕ ವಿಷಯ ಹೋದರೆ ತಾನೇ ಎರರ್ ಬರೋದು. 'ತಣ್ಣೀರು ದೋಣಿ' ತಗೊಳ್ಳಿ. 'ದೋ'ನಲ್ಲಿರೋ ಓತ್ವವನ್ನ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೀಬಹುದು, ಬಿಡಿಬಿಡಿಯಾಗಿ ತುಂಡು ಜೋಡಿಸಿಯೂ ಬರೀಬಹುದು. 'ಣ್ಣೀ'ಯ ದೀರ್ಘಕ್ಕೂ ಅದೇ ಕಥೆ. ಕಣ್ಣಿಗೆ ಎರಡೂ ಒಂದೇ, ಬೈಟ್‌ನಲ್ಲಿ ಬೇರೆ ಬೇರೆ. ಸರ್ವರ್ ಒಂದು ರೀತಿ ಕಳಿಸಿ, ನನ್ನ ಕೀಬೋರ್ಡ್ ಇನ್ನೊಂದು ರೀತಿ ಟೈಪ್ ಮಾಡಿದ್ದರೆ ಪ್ಯಾಟರ್ನ್ ಕೂಡಲ್ಲ. ಅರ್ಧಾಕ್ಷರ ಬಿಡಿಸಿ ಬರೆಯೋಕೆ ನಡುವೆ ಹಾಕೋ, ಕಣ್ಣಿಗೆ ಕಾಣದ ಆ ಜೋಡಣೆ ತಡೆಯೋ ಸಂಕೇತ ಇನ್ನೊಂದು ಶನಿ.

ಎರಡೂ ಕಡೆಯದನ್ನ ಎನ್‌ಎಫ್‌ಸಿ ರೂಪಕ್ಕೆ, ಅಂದ್ರೆ ಯೂನಿಕೋಡ್‌ನ ಜೋಡಿಸಿ ಬರೆಯೋ ಒಂದೇ ರೂಪಕ್ಕೆ, ತಂದು ಹೋಲಿಸಿದರೆ ಮೊದಲನೇದು ಬಗೆಹರಿಯತ್ತೆ. ಕಾಣದ ಸಂಕೇತ ಎನ್‌ಎಫ್‌ಸಿಯಲ್ಲಿ ಹೋಗಲ್ಲ, ಅದಕ್ಕೆ ಪ್ಯಾಟರ್ನ್ ಸೇವ್ ಮಾಡುವಾಗ 'ಇದರೊಳಗೆ ಕಾಣದ ಸಂಕೇತ ಇದೆ' ಅಂತ ಎಚ್ಚರಿಸಿದರೆ ಸಾಕು. ತಾನಾಗಿ ಕಿತ್ತು ಹಾಕಬೇಡಿ, ಬೇಕಂತಲೇ ಹಾಕಿರೋರು ಇರ್ತಾರೆ.

ಮಂಡಕ್ಕಿ_ಮಿರ್ಚಿ · ದಾವಣಗೆರೆ

ಇದು ಬೇರೆ ಚರ್ಚೆಯಾಗಿ ತೆಗೀರಿ ಅಣ್ಣಾ, ಇಲ್ಲಿ ಕಳೆದುಹೋಗತ್ತೆ. ಬೆಲೆ ಇರೋ ಮಾತು.

ಸ್ಕ್ರಿಪ್ಟ್ ಬರೆಯೋರಿಗೆ ತಮ್ಮದೇ ಎರರ್ ಫಂಕ್ಷನ್ ಕೊಡೋ ಅವಕಾಶ ಇರತ್ತಾ? ಬಿದ್ದಾಗ ತಾನಾಗಿ 'ಓಡು' ಅನ್ನೋ ಆಜ್ಞೆ ಕಳಿಸೋ ಹಂಗೆ ಮಾಡಿಕೊಳ್ಳೋ ಆಸೆ ಐತಿ.

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಕೊಡಬಹುದು. ಆದರೆ ಆ ಫಂಕ್ಷನ್ನೇ ಬಿದ್ದರೆ? ಅದರ ಎರರ್‌ಗೆ ಮತ್ತೆ ಅದನ್ನೇ ಕರೆದರೆ ಕೊನೆಯಿಲ್ಲ. ಲುವಾ ತನ್ನ ಮಟ್ಟದಲ್ಲಿ ಇದಕ್ಕೆ ಬೇರೆಯದೇ ಸ್ಥಿತಿ ಸಂಖ್ಯೆ ಇಟ್ಟಿದೆ, ಮೂಲ ಸಂದೇಶ ಮಾತ್ರ ಹೋಗಿಬಿಡುತ್ತದೆ. ಆದ್ದರಿಂದ ಮೊದಲು ನಮ್ಮ ಫಂಕ್ಷನ್ ಮೂಲ ಸಂದೇಶ, ಟ್ರೇಸ್‌ಬ್ಯಾಕ್ ತೆಗೆದಿಟ್ಟುಕೊಂಡು ಪರದೆಗೆ ಬರೆಯುತ್ತದೆ. ನಿಮ್ಮದನ್ನು ಆಮೇಲೆ, ಬೇರೆ ಕರೆಯಾಗಿ ಕರೆಯುತ್ತದೆ. ಅದು ಬಿದ್ದರೆ ಒಂದು ಸಾಲು ಹೇಳಿ ಅಲ್ಲಿಗೆ ಬಿಡುತ್ತದೆ.

ಜೋಗಿಮಟ್ಟಿ_ಗಾಳಿ · ಚಿತ್ರದುರ್ಗ

ಎರರ್ ಕಾಪಿ ಮಾಡಿ ಇಲ್ಲಿ ತಂದು ಹಾಕೋ ಬಟನ್ ಇಟ್ಟರೆ ಒಂದು ಎಚ್ಚರ. ಕಳಿಸಿದ ಆಜ್ಞೆಗಳ ಪಟ್ಟಿ ಅಂದ್ರಲ್ಲ, ಲಾಗಿನ್ ಸ್ಕ್ರಿಪ್ಟ್ ಬಿದ್ದರೆ ಅದರಲ್ಲಿ ಪಾಸ್‌ವರ್ಡೇ ಇರತ್ತೆ. ಪಾಸ್‌ವರ್ಡ್ ಕೇಳೋ ಹೊತ್ತಿಗೆ ಸರ್ವರ್ ಟೆಲ್ನೆಟ್‌ನಲ್ಲಿ 'ಎಕೋ ನಾನು ನೋಡಿಕೊಳ್ತೀನಿ' ಅನ್ನತ್ತೆ, ಕ್ಲೈಂಟ್ ಆಗ ಟೈಪ್ ಮಾಡಿದ್ದನ್ನ ಮರೆಮಾಡತ್ತೆ. ಆ ಹೊತ್ತಲ್ಲಿ ಕಳಿಸಿದ್ದು ಯಾವುದೂ ಪಟ್ಟಿಗೆ ಬರಕೂಡದು.

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಇದು ನನ್ನ ತಲೆಗೆ ಬಂದಿರಲಿಲ್ಲ. ಸೇರಿಸುತ್ತೇನೆ.

ಮುಂದಿನ ಪರೀಕ್ಷಾ ಆವೃತ್ತಿಗೆ ಹೋಗುವುದು: ನಂಬರ್ ಆಧಾರದ ಹೆಸರು, ಟ್ರೇಸ್‌ಬ್ಯಾಕ್, ಮುಖ್ಯ ಪರದೆಯಲ್ಲಿ ಗಿಡ್ಡ ಸಾಲು, ಪುನರಾವರ್ತನೆಯ ಎಣಿಕೆ. ಲುವಾದ ಮೂಲ ಇಂಗ್ಲಿಷ್ ಸಂದೇಶವನ್ನು ವಿವರದಲ್ಲಿ ಹಾಗೇ ಬಿಡುತ್ತೇನೆ, ಅಂತರ್ಜಾಲದಲ್ಲಿ ಹುಡುಕಲು ಅದೇ ಬೇಕು. ಅದರ ಕೆಳಗೆ ಕನ್ನಡದ ಸುಳಿವು ಒಂದು ಸಾಲು. ನಿಲ್ ಎರರ್‌ಗೆ ನಾನು ಬರೆಯುತ್ತೇನೆ, ಉಳಿದವಕ್ಕೆ ಯಾರಾದರೂ ಕೈ ಹಚ್ಚಿ. ಹುಕ್ ಮತ್ತು ನಿಮ್ಮದೇ ಎರರ್ ಫಂಕ್ಷನ್ ಅದರ ಮುಂದಿನದಕ್ಕೆ.

10, 100 ಎಂದು ಹೇಳುವ ಲೆಕ್ಕ ಎಲ್ಲರಿಗೂ ಸರಿಯೇ?

ಕಲ್ಲಿನಕೋಟೆ · ಚಿತ್ರದುರ್ಗ

ನನಗೆ ಸರಿ. ನಿಲ್ಲಿಸೋ ಅಂಕಣದಲ್ಲಿ ಟೈಮರ್‌ಗೆಲ್ಲಾ ನಾನು 5 ಅಂತಲೇ ತುಂಬ್ತೀನಿ, ಜೋಗಿಮಟ್ಟಿ ಸರ್ ಬೈಕೊಳ್ಳಲಿ.

ಕಿವಿಯಲ್ಲೇ_ಆಟ · ಹಿರಿಯೂರು

ನನಗೆ 10ನೇದೂ ಬೇಡ, 100ನೇದೂ ಬೇಡ. ಮೊದಲನೇ ಸಲ ಹೇಳಿದರೆ ಮುಗೀತು, ಎಣಿಕೆಯನ್ನ ಕೀ ಒತ್ತಿ ಕೇಳ್ತೀನಿ. ಆದರೆ ಆ ಸ್ಕ್ರಿಪ್ಟ್ ತಿದ್ದಿ ಸೇವ್ ಮಾಡಿದ ಕೂಡಲೇ ಲೆಕ್ಕ ಸೊನ್ನೆಗೆ ಬರಬೇಕು. ಇಲ್ಲಾಂದ್ರೆ ತಿದ್ದಿದ್ದು ಸರಿಯಾಯ್ತೋ ಇಲ್ಲವೋ ನನಗೆ ಕೇಳಿಸಲ್ಲ.

ಕುಂದವಾಡ_ಏರಿ · ದಾವಣಗೆರೆ · ಕ್ಲೈಂಟ್ ನಿರ್ವಹಣೆ

ಸೇವ್ ಮಾಡಿದಾಗಲೂ ಸೊನ್ನೆ, ಮರುಸಂಪರ್ಕ ಆದಾಗಲೂ ಸೊನ್ನೆ. 10ನೇ, 100ನೇ ಸಲದ ಸಾಲು ಬೇಡದವರಿಗೆ ಆಫ್ ಆಯ್ಕೆ ಇಡುತ್ತೇನೆ ಅಕ್ಕ. ಸದ್ದಿನ ಫೈಲ್ ಒಂದು ನೀವೇ ಆರಿಸಿ ಕಳಿಸಿ, ಬೆಲ್‌ಗಿಂತ ಬೇರೆ ಕೇಳಿಸುವುದು ಯಾವುದು ಎಂದು ನಿಮಗೇ ಚೆನ್ನಾಗಿ ಗೊತ್ತು.